ಬನ್ನಿಯ ಎಲೆಯಿಂದ ನೆನಪಿನ ಹೊತ್ತಿಗೆಯವರೆಗೆ

ವಿಜಯದಶಮಿಯ ಸಂಜೆ ಭೀಮಾತೀರದ ಹಳ್ಳಿಗಳಲ್ಲಿ ಕಿರಿಯರು ಹಿರಿಯರ ಮನೆಮನೆಗೂ ಹೋಗಿ, ಅವರ ಕೈಗೆ ನಾಲ್ಕು ಬನ್ನಿಯ ಎಲೆಗಳನ್ನಿತ್ತು, ಬಂಗಾರದ ಹಾಗೆ ಬಾಳೋಣವೆಂದು ಹೇಳಿ ಕಾಲಿಗೆರಗುವ ಪದ್ಧತಿಯುಂಟು. ಹಳೆಯ ಜಗಳಗಳು ಕೂಡ ಆ ಎಲೆಗಳೊಡನೆ ಮುಗಿಯಬೇಕೆಂಬುದು ವಾಡಿಕೆ. ಕಾಗದವಿಲ್ಲದ, ಮುದ್ರಣವಿಲ್ಲದ, ಅಂಚೆಯ ಹಂಗಿಲ್ಲದ ಶುಭಾಶಯ ಪತ್ರವೆಂದು ಇದನ್ನು ಕರೆದರೆ ತಪ್ಪಾಗಲಾರದು. ಅಂಗಡಿಯಲ್ಲಿ ದೊರೆಯುವ ಮಿನುಗುವ ಕಾರ್ಡುಗಳ ಇತಿಹಾಸವಾದರೋ ಬಹಳ ಈಚಿನದು. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದಿತು. ಆ ಸುಧಾರಣೆಯಲ್ಲಿ ಕೈಗೂಡಿಸಿದ್ದ ಹೆನ್ರಿ ಕೋಲ್ ಎಂಬಾತನು 1843ರಲ್ಲಿ, ಹಬ್ಬಕ್ಕೆ ಪ್ರತಿಯೊಬ್ಬ ಮಿತ್ರನಿಗೂ ಬೇರೆ ಬೇರೆ ಪತ್ರ ಬರೆಯಲು ಪುರುಸೊತ್ತಿಲ್ಲದೆ, ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಯಿಸಿ, ಕಲ್ಲಚ್ಚಿನಲ್ಲಿ ಮುದ್ರಿಸಿ, ಕೈಯಿಂದ ಬಣ್ಣ ತುಂಬಿಸಿ ಹಂಚಿದನು. ಉಳಿದವನ್ನು ಒಂದು ಷಿಲಿಂಗಿಗೆ ಒಂದರಂತೆ ಮಾರಿದರು. ವಾಣಿಜ್ಯದ ಕ್ರಿಸ್ಮಸ್ ಕಾರ್ಡುಗಳಲ್ಲಿ ಇದೇ ಮೊದಲನೆಯದೆಂದು ಹೇಳುವುದುಂಟು. ಸೋಮಾರಿತನವೂ ಕೆಲವೊಮ್ಮೆ ಒಂದು ಕಲೆಗೆ ತಾಯಿಯಾಗುತ್ತದೆ!

ಈಗ ಹಬ್ಬದ ಹಾರೈಕೆಗಳು ದೂರವಾಣಿಯ ಪರದೆಯ ಮೇಲೆ ಕ್ಷಣಾರ್ಧದಲ್ಲಿ ಬಂದು ಕ್ಷಣಾರ್ಧದಲ್ಲಿ ಮರೆಯಾಗುತ್ತವೆ. ಅದರಿಂದಲೇ ಏನೋ, ತಮ್ಮ ಕೈಯಿಂದಲೇ ಕಾರ್ಡು ಮಾಡಿ ಕಳುಹಿಸುವ, ಚಿತ್ರ, ಪತ್ರ, ಟಿಕೆಟು, ಒಣಗಿದ ಹೂವು ಮೊದಲಾದುವನ್ನು ಪುಸ್ತಕದಲ್ಲಿ ಅಂದವಾಗಿ ಜೋಡಿಸಿ ಅಂಟಿಸುವ ಹವ್ಯಾಸಕ್ಕೆ ವಿದ್ಯಾರ್ಥಿಗಳಲ್ಲಿ ಮತ್ತೆ ಒಲವು ಕಾಣುತ್ತಿದೆ. ಇಂಗ್ಲಿಷಿನವರು ಸ್ಕ್ರ್ಯಾಪ್‌ಬುಕ್ ಎನ್ನುವ ಈ ಪುಸ್ತಕವನ್ನು ನಾವು ಇಲ್ಲಿ ನೆನಪಿನ ಹೊತ್ತಿಗೆ ಎಂದು ಕರೆಯುವೆವು. ಅಂದದ ವಿಷಯವನ್ನು ಹೇಳಿಕೊಡುವವರು ಬೇಕಾದಷ್ಟು ಮಂದಿಯಿದ್ದಾರೆ. ನಾವು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಇಂದು ಹದಿನಾರು ವರ್ಷದ ಹುಡುಗಿಯೊಬ್ಬಳು ಮಾಡಿದ ಹೊತ್ತಿಗೆಯನ್ನು ಅವಳ ಮೊಮ್ಮಗಳು ತೆರೆದು ನೋಡಬಲ್ಲಳೇ? ಅಥವಾ ಅದು ಇಪ್ಪತ್ತು ವರ್ಷಗಳೊಳಗೆ ಹಳದಿಯಾಗಿ, ಹಪ್ಪಳದಂತೆ ಮುರಿದು, ಹುಳುಗಳ ಪಾಲಾಗುವುದೇ? ಇದರ ಉತ್ತರ ಅವಳ ಕಲೆಯಲ್ಲಿಲ್ಲ. ಕಾಗದದ, ಅಂಟಿನ ಮತ್ತು ಮಸಿಯ ರಸಾಯನದಲ್ಲಿದೆ.

ಭೀಮೆಯ ದಡದವರಿಗೆ ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಅಫಜಲಪುರ ತಾಲೂಕಿನ ಸೊನ್ನದ ಬಳಿ ನದಿಗೆ ಅಡ್ಡಲಾಗಿ ಬ್ಯಾರೇಜು ಇದೆ. ಮೇಲೆ ಮಹಾರಾಷ್ಟ್ರದಲ್ಲಿ ಉಜನಿ ಜಲಾಶಯವಿದೆ. 2020ರ ಅಕ್ಟೋಬರಿನಲ್ಲಿ ಮೇಲಿನಿಂದ ಬಂದ ನೀರು ಅಫಜಲಪುರ, ಜೇವರ್ಗಿ ತಾಲೂಕುಗಳ ನದೀತೀರದ ಹಳ್ಳಿಗಳಿಗೆ ನುಗ್ಗಿತು. ಕಾಳು, ದನ, ಗೋಡೆಗಳ ನಷ್ಟವನ್ನು ಲೆಕ್ಕ ಹಾಕಬಹುದು. ಟ್ರಂಕಿನಲ್ಲಿಟ್ಟಿದ್ದ ಮದುವೆಯ ಚಿತ್ರಗಳು, ತೀರಿಕೊಂಡವರ ಪತ್ರಗಳು, ಶಾಲೆಯ ಸರ್ಟಿಫಿಕೇಟುಗಳು ನೆನೆದು ಮುದ್ದೆಯಾದರೆ ಅದನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುವುದು? ಪ್ರವಾಹವಿಲ್ಲದ ವರ್ಷದಲ್ಲಿ ಈ ಸೀಮೆಯ ಬೇಸಿಗೆಯಿದೆ. ಮೇ ತಿಂಗಳಿನಲ್ಲಿ ಕಲಬುರಗಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುವುದು ಸಾಮಾನ್ಯ. ಕಾಗದವನ್ನು ಕೆಡಿಸುವ ರಾಸಾಯನಿಕ ಕ್ರಿಯೆಗಳ ವೇಗವು ಪ್ರತಿ 10 ಡಿಗ್ರಿಗೆ ಸುಮಾರಾಗಿ ಇಮ್ಮಡಿಯೋ ಅದಕ್ಕಿಂತ ಹೆಚ್ಚೋ ಆಗುತ್ತದೆ.

ಕಾಗದದ ಆಯುಸ್ಸು

ಕಾಗದವೆಂದರೆ ಸಸ್ಯದ ನಾರುಗಳ ಒತ್ತು ಹಾಸು. ನಾರಿನ ಮುಖ್ಯ ವಸ್ತು ಸೆಲ್ಯುಲೋಸ್. ಗ್ಲೂಕೋಸಿನ ಸಾವಿರಾರು ಘಟಕಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿ ಅದರ ಅಣುವಾಗಿದೆ. ನಾರುಗಳನ್ನು ನೀರಿನಲ್ಲಿ ಚೆನ್ನಾಗಿ ಕುಟ್ಟಿದಾಗ ಅವುಗಳ ಮೈ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಹಾಳೆ ಒಣಗುತ್ತ ಬಂದಂತೆ ನೀರಿನ ಮೇಲ್ಮೈ ಸೆಳೆತವು ನಾರುಗಳನ್ನು ಪರಸ್ಪರ ಹತ್ತಿರಕ್ಕೆಳೆಯುತ್ತದೆ. ಕೊನೆಯ ನೀರು ಆರಿಹೋದಾಗ ಜಲಜನಕದ ಬಂಧಗಳು ಅವುಗಳನ್ನು ಹಿಡಿದು ನಿಲ್ಲಿಸುತ್ತವೆ. ಕಾಗದಕ್ಕೆ ಬಲ ಬರಲು ಅಂಟು ಬೇಕಿಲ್ಲ. ಒದ್ದೆಯಾದ ಕಾಗದ ಸುಲಭವಾಗಿ ಹರಿಯುವುದೂ ಇದೇ ಕಾರಣದಿಂದ: ನೀರು ಮರಳಿ ಬಂದು ಆ ಬಂಧಗಳ ನಡುವೆ ಸೇರಿಕೊಳ್ಳುತ್ತದೆ.

ಹತ್ತಿಯ ನಾರಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಸೆಲ್ಯುಲೋಸೇ ಇದೆ. ಮರದಲ್ಲಾದರೋ ಅದರ ಜೊತೆಗೆ ನೂರಕ್ಕೆ 20ರಿಂದ 30 ಭಾಗದಷ್ಟು ಲಿಗ್ನಿನ್ ಎಂಬ ವಸ್ತುವಿರುತ್ತದೆ. ಮರಕ್ಕೆ ಗಡಸುತನವನ್ನು ಕೊಡುವ ಈ ಲಿಗ್ನಿನ್ ಕಾಗದಕ್ಕೆ ಮಾತ್ರ ಶತ್ರು. ಬೆಳಕು ಮತ್ತು ಗಾಳಿಯ ಆಮ್ಲಜನಕ ಸೇರಿದರೆ ಅದು ಹಳದಿ, ಕಂದು ಬಣ್ಣದ ವಸ್ತುಗಳಾಗಿ ಮಾರ್ಪಡುತ್ತದೆ. ವೃತ್ತಪತ್ರಿಕೆಯ ಕಾಗದವನ್ನು ಮರವನ್ನು ಬರಿದೇ ಅರೆದು ಮಾಡುವುದರಿಂದ ಲಿಗ್ನಿನ್ ಅದರಲ್ಲಿ ಹಾಗೆಯೇ ಉಳಿದಿರುತ್ತದೆ. ವಾಚಕರು ಇದನ್ನು ಸ್ವತಃ ನೋಡಬಹುದು. ಒಂದು ವೃತ್ತಪತ್ರಿಕೆಯ ತುಂಡನ್ನೂ ಒಂದು ಒಳ್ಳೆಯ ಬಿಳಿ ಹಾಳೆಯನ್ನೂ ಮಾಳಿಗೆಯ ಮೇಲೆ ಪಕ್ಕಪಕ್ಕದಲ್ಲಿಟ್ಟು, ಪ್ರತಿಯೊಂದರ ಅರ್ಧಭಾಗದ ಮೇಲೆ ಒಂದು ಚಪ್ಪಟೆ ಕಲ್ಲನ್ನು ಹೇರಿರಿ. ಬೇಸಿಗೆಯ ಕೆಲವು ದಿನಗಳ ಬಿಸಿಲಿನ ಬಳಿಕ ಕಲ್ಲು ತೆಗೆದರೆ ಪತ್ರಿಕೆಯ ಮೇಲೆ ಕಲ್ಲಿನ ಅಂಚು ಗೆರೆ ಕೊರೆದಂತೆ ಕಾಣುತ್ತದೆ. ಬಿಳಿಯ ಹಾಳೆಯಲ್ಲಿ ವ್ಯತ್ಯಾಸ ಅಷ್ಟಾಗಿ ಇರದು.

ಹಳದಿಯಾಗುವುದಕ್ಕಿಂತ ಕೆಟ್ಟದ್ದು ಆಮ್ಲದ ಕೆಲಸ. ಮಸಿ ಹರಡದಂತೆ ಕಾಗದಕ್ಕೆ ರಾಳವನ್ನೂ ಪಟಿಕವನ್ನೂ ಸೇರಿಸುವ ಉಪಾಯವನ್ನು ಜರ್ಮನಿಯ ಇಲ್ಲಿಗ್ ಎಂಬಾತನು 1807ರಲ್ಲಿ ಪ್ರಕಟಿಸಿದನು. ಅಗ್ಗವಾದ, ಅನುಕೂಲವಾದ ಉಪಾಯ. ಜಗತ್ತಿನ ಗಿರಣಿಗಳೆಲ್ಲ ಅದನ್ನು ಅನುಸರಿಸಿದವು. ಆದರೆ ಆ ಲವಣವು ಗಾಳಿಯ ತೇವದೊಡನೆ ಸೇರಿ ಆಮ್ಲವನ್ನು ಹುಟ್ಟಿಸುತ್ತದೆ. ಆಮ್ಲವು ಸೆಲ್ಯುಲೋಸಿನ ಸರಪಳಿಯನ್ನು ನಡುನಡುವೆ ಕತ್ತರಿಸುತ್ತ ಹೋಗುತ್ತದೆ. ಸರಪಳಿ ಗಿಡ್ಡವಾದಷ್ಟೂ ನಾರಿಗೆ ಬಾಗುವ ಗುಣ ಕಡಮೆ. ಅಮೆರಿಕೆಯ ವಿಲಿಯಂ ಬ್ಯಾರೊ ಎಂಬಾತನು 1900ರಿಂದ 1949ರವರೆಗೆ ಅಚ್ಚಾದ 500 ಪುಸ್ತಕಗಳ ಹಾಳೆಗಳನ್ನು ಮಡಿಸಿ, ಎಳೆದು, ಒಲೆಯಲ್ಲಿ ಕಾಯಿಸಿ ಪರೀಕ್ಷಿಸಿ, ಅವುಗಳಲ್ಲಿ ಬಹುಪಾಲಿನ ಉಪಯುಕ್ತ ಆಯುಸ್ಸು ಐವತ್ತು ವರ್ಷಕ್ಕೂ ಕಡಮೆಯೆಂದು 1959ರಲ್ಲಿ ವರದಿ ಮಾಡಿದಾಗ ಗ್ರಂಥಪಾಲಕರು ಬೆಚ್ಚಿಬಿದ್ದರು. ಚಿಂದಿ ಬಟ್ಟೆಯಿಂದ ಮಾಡಿದ ನಾನೂರು ವರ್ಷದ ಹಿಂದಿನ ಕಾಗದ ಗಟ್ಟಿಯಾಗಿರುವಾಗ ನಲವತ್ತು ವರ್ಷದ ಕಾಗದ ಪುಡಿಯಾಗುತ್ತಿತ್ತು!

ಇದಕ್ಕೆ ಮದ್ದು ಯಾವುದು? ಸುಣ್ಣ. ಅದರಲ್ಲಿಯೂ ಕ್ಯಾಲ್ಸಿಯಂ ಕಾರ್ಬೊನೇಟ್. ಹುಟ್ಟುವ ಆಮ್ಲವನ್ನು ಹುಟ್ಟಿದಲ್ಲಿಯೇ ಅದು ಶಮನಗೊಳಿಸುತ್ತದೆ. 1994ರಲ್ಲಿ ಪ್ರಕಟವಾದ ಬಾಳುವ ಕಾಗದದ ಅಂತಾರಾಷ್ಟ್ರೀಯ ಗೊತ್ತುಪಾಡು, ಕಾಗದದಲ್ಲಿ ನೂರಕ್ಕೆ ಎರಡು ಭಾಗದಷ್ಟು ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರದ ಮೀಸಲು ಇರಬೇಕೆಂದು ವಿಧಿಸುತ್ತದೆ. ಕಲಬುರಗಿಯ ಸೀಮೆಯವರಿಗೆ ಈ ವಸ್ತುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಮನೆಯ ನೆಲಕ್ಕೆ ಹಾಸಿರುವ ಶಹಾಬಾದಿನ ಫರಸಿ ಬಹುಮಟ್ಟಿಗೆ ಅದೇ. ಸೊನ್ನದಿಂದ ಭೀಮೆಯ ಹರಿವಿನೊಡನೆ ಕೆಳಗೆ ಹೋದರೆ ಸನ್ನತಿಯ ನೆರೆಯಲ್ಲಿ ಕನಗನಹಳ್ಳಿ ಸಿಕ್ಕುತ್ತದೆ. ಕಳೆದ ಶತಮಾನದ ಕೊನೆಯ ದಶಕದಲ್ಲಿ ಅಲ್ಲಿಯ ಸ್ತೂಪವನ್ನು ಅಗೆದಾಗ ಇಂಥ ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ ಕೆತ್ತಿದ ಚಿತ್ರಗಳು ದೊರೆತವು. ಒಂದರಲ್ಲಿ ರಾಜನೊಬ್ಬನು ಪರಿವಾರದೊಡನೆ ನಿಂತಿದ್ದಾನೆ. ಪಕ್ಕದಲ್ಲಿ ಬ್ರಾಹ್ಮೀ ಲಿಪಿಯಲ್ಲಿ ‘ರಾಯ ಅಸೋಕ’ ಎಂದು ಹೆಸರಿದೆ. ಆ ಎರಡು ಪದಗಳು ಇಲ್ಲದಿದ್ದರೆ ಅದು ಅಶೋಕನ ಚಿತ್ರವೆಂದು ಯಾರು ತಾನೆ ಹೇಳಬಲ್ಲವರಾಗಿದ್ದರು? ಚಿತ್ರದಡಿಯಲ್ಲಿ ಹೆಸರು ಬರೆಯಲು ಬೇಸರಪಡುವ ನಮ್ಮ ತರುಣ ಮಿತ್ರರು ಇದನ್ನು ಗಮನಿಸಬೇಕು.

ಇಂದು ಜೆರಾಕ್ಸಿಗೆ ಬಳಸುವ ಬಿಳಿಯ ಕಾಗದದಲ್ಲಿ ಬಹುಪಾಲು ಈ ಸುಣ್ಣದ ಪುಡಿಯನ್ನು ಕೂಡಿಸಿ ಮಾಡಿದುದೇ. ನಿಮ್ಮ ಹಾಳೆ ಅಂಥದೇ ಎಂದು ತಿಳಿಯಬೇಕಾದರೆ ಮೂಲೆಯ ಒಂದು ಚೂರಿನ ಮೇಲೆ ನಿಂಬೆಯ ರಸದ ಹನಿಯಿಟ್ಟು ಭೂತಗನ್ನಡಿಯಿಂದ ನೋಡಿ. ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ಅದು ಕಾರ್ಬೊನೇಟಿನಿಂದ ಹೊರಬರುವ ಇಂಗಾಲಾಮ್ಲ ಅನಿಲ. ಫರಸಿಯ ಪುಡಿಯ ಮೇಲೆಯೂ ಇದೇ ಆಟ ನಡೆಯುತ್ತದೆ. ಆಲ್ಬಮ್ಮುಗಳಿಗಾಗಿ ಮಾರುವ ಕಪ್ಪು, ಕಂದು ಬಣ್ಣದ ದಪ್ಪ ಹಾಳೆಗಳು ನೋಡಲು ಗಂಭೀರವಾಗಿದ್ದರೂ ಅನೇಕ ವೇಳೆ ಕೀಳು ತಿರುಳಿನವು. ಅವಕ್ಕಿಂತ ಈ ಸಾಧಾರಣ ಬಿಳಿಯ ಹಾಳೆಯೇ ಮೇಲೆಂಬುದು ನಮ್ಮ ಅಭಿಪ್ರಾಯ.

ಕೈಯಿಂದ ಮಾಡಿದ ಕಾಗದ

ಕಾರ್ಡನ್ನು ಕೈಯಿಂದ ಮಾಡುವವರು ಕಾಗದವನ್ನೂ ಕೈಯಿಂದ ಮಾಡಬಹುದಷ್ಟೆ. ಈ ವಿದ್ಯೆ ನಮ್ಮ ನೆರೆಯಲ್ಲಿಯೇ ಇತ್ತು. ದೌಲತಾಬಾದಿನ ಬಳಿಯ ಕಾಗಜಿಪುರದಲ್ಲಿ ಚಿಂದಿಯಿಂದ ಕಾಗದ ಮಾಡುವ ಕುಶಲಿಗಳಿದ್ದರು. ಮಹಮ್ಮದ್ ತುಘಲಕನು ರಾಜಧಾನಿಯನ್ನು ದಕ್ಷಿಣಕ್ಕೆ ಬದಲಾಯಿಸಿದ ಕಾಲದಲ್ಲಿ ಅವರ ಹಿರಿಯರು ಅಲ್ಲಿಗೆ ಬಂದರೆಂಬ ಪ್ರತೀತಿಯಿದೆ. 1956ರವರೆಗೆ ಕಲಬುರಗಿಯೂ ಆ ಸೀಮೆಯೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದವು.

ಜೇವರ್ಗಿಯ ಕರಿಮಣ್ಣಿನಲ್ಲಿ ಹತ್ತಿ ಬೆಳೆಯುವುದರಿಂದ ಹತ್ತಿಯನ್ನೇ ನೇರವಾಗಿ ಕಾಗದ ಮಾಡೋಣವೆಂದು ಯಾರಿಗಾದರೂ ಅನಿಸಬಹುದು. ಆದರೆ ಅದರ ನಾರು ಎರಡು ಮೂರು ಸೆಂಟಿಮೀಟರು ಉದ್ದ. ನೀರಿನಲ್ಲಿ ಗಂಟುಗಂಟಾಗಿ ಸುತ್ತಿಕೊಳ್ಳುತ್ತದೆ. ಹಳೆಯ, ತೊಳೆದು ತೊಳೆದು ಸವೆದ ಹತ್ತಿಯ ಧೋತರದ ಚಿಂದಿಯನ್ನು ಉಗುರಿನಗಲ ಕತ್ತರಿಸಿ, ನೆನೆಯಿಸಿ, ಒರಳಿನಲ್ಲಿ ತಾಳ್ಮೆಯಿಂದ ಕುಟ್ಟುವುದು ಒಳ್ಳೆಯದು. ಇದಕ್ಕೆ ಒಂದಕ್ಕೆರಡರಷ್ಟು, ಬರೆದು ಮುಗಿದ ನೋಟುಪುಸ್ತಕದ ಹಾಳೆಗಳನ್ನು ನೆನೆಯಿಸಿ ಅರೆದ ತಿರುಳನ್ನು ಸೇರಿಸಿದರೆ ಕೆಲಸ ಹಗುರಾಗುತ್ತದೆ. ಅಗಲವಾದ ಬುಟ್ಟಿಯಲ್ಲಿ ನೀರು ತುಂಬಿ ತಿರುಳನ್ನು ಕದಡಿ, ಮರದ ಚೌಕಟ್ಟಿಗೆ ಬಿಗಿದ ಸೊಳ್ಳೆಪರದೆಯ ಜಾಲರಿಯನ್ನು ಓರೆಯಾಗಿ ಇಳಿಸಿ ಮಟ್ಟಸವಾಗಿ ಮೇಲೆತ್ತಬೇಕು. ನೀರು ಸೋರಿ ಹೋಗುವಾಗ ಚೌಕಟ್ಟನ್ನು ಎಡಬಲಕ್ಕೂ ಹಿಂದುಮುಂದಕ್ಕೂ ಒಮ್ಮೆ ಅಲುಗಿಸಿದರೆ ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಳ್ಳುತ್ತವೆ. ಹಾಳೆಯನ್ನು ಒದ್ದೆಯ ಬಟ್ಟೆಯ ಮೇಲೆ ಮಗುಚಿ, ಮೇಲೊಂದು ಬಟ್ಟೆಯಿಟ್ಟು, ಒಂದು ಫರಸಿಯನ್ನು ಹೇರಿ, ಮರುದಿನ ನೆರಳಿನಲ್ಲಿ ಒಣಗಿಸಿರಿ. ತೊಗರಿಯ ಹೊಟ್ಟು, ಜೋಳದ ತೆನೆಯ ಸಿಪ್ಪೆ ಚಿಟಿಕೆಯಷ್ಟು ಬೆರೆಸಿದರೆ ಊರಿನ ಗುರುತು ಹಾಳೆಯಲ್ಲಿ ಉಳಿಯುತ್ತದೆ. ಅವುಗಳಲ್ಲಿ ಲಿಗ್ನಿನ್ ಇರುವುದರಿಂದ ಕಾರ್ಡಿಗೆ ಮಾತ್ರ, ಹೊತ್ತಿಗೆಗೆ ಬೇಡ.

ಯಂತ್ರದ ಕಾಗದಕ್ಕೆ ಎಲ್ಲ ದಿಕ್ಕುಗಳೂ ಸಮವಲ್ಲ. ಓಡುವ ಜಾಲರಿಯ ಮೇಲೆ ತಿರುಳು ಸುರಿಯುವಾಗ ನಾರುಗಳು ಹೆಚ್ಚಾಗಿ ಓಟದ ದಿಕ್ಕಿಗೇ ಮಲಗುತ್ತವೆ. ನೆನೆದಾಗ ನಾರು ಉದ್ದದಲ್ಲಿ ಅಷ್ಟಾಗಿ ಬೆಳೆಯದು, ದಪ್ಪದಲ್ಲಿ ಉಬ್ಬುವುದು. ಹಾಳೆಯ ಚೌಕದ ಒಂದು ಮುಖಕ್ಕೆ ನೀರು ಸವರಿದರೆ ಅದು ಕೊಳವೆಯಂತೆ ಸುತ್ತಿಕೊಳ್ಳುತ್ತದೆ. ಕೊಳವೆಯ ಉದ್ದದ ದಿಕ್ಕೇ ನಾರಿನ ದಿಕ್ಕು. ಮಡಿಕೆ ಯಾವಾಗಲೂ ಈ ದಿಕ್ಕಿಗೆ ಸಮಾನಾಂತರವಾಗಿರಬೇಕು. ಅಡ್ಡಲಾಗಿ ಮಡಿಸಿದರೆ ದಪ್ಪ ಕಾಗದ ಬಿರಿಯುತ್ತದೆ. ಸಾಮಾನ್ಯವಾದ ಎ4 ಹಾಳೆಯಲ್ಲಿ, ಎಂದರೆ 210 ಮಿಲಿಮೀಟರು ಅಗಲ 297 ಮಿಲಿಮೀಟರು ಉದ್ದದ ಹಾಳೆಯಲ್ಲಿ, ನಾರು ಹೆಚ್ಚಾಗಿ ಉದ್ದಕ್ಕೇ ಇರುತ್ತದೆ. ಅದನ್ನು ಹಾಗೆಯೇ ನಡುವೆ ಮಡಿಸಿದರೆ ಮಡಿಕೆ ನಾರಿಗೆ ಅಡ್ಡವಾಗುತ್ತದೆ. ಮೊದಲು ನಡುವೆ ಕತ್ತರಿಸಿ, ದೊರೆತ ಅರ್ಧವನ್ನು ಮಡಿಸಿದರೆ ನಾರಿನೊಡನೆ ಸಾಗುತ್ತದೆ. ಸಿಕ್ಕುವ ಕಾರ್ಡು 105ಕ್ಕೆ 148 ಮಿಲಿಮೀಟರು. ಅರ್ಧ ಮಾಡಿದಷ್ಟೂ ಉದ್ದ ಅಗಲಗಳ ಪ್ರಮಾಣ ಬದಲಾಗದಿರುವುದು ಈ ಅಳತೆಯ ಸೊಬಗು. ಎರಡರ ವರ್ಗಮೂಲವು ಒಂದಕ್ಕೆ ಇರುವ ಪ್ರಮಾಣದಿಂದ ಮಾತ್ರ ಇದು ಸಾಧ್ಯ. ಗಣಿತದ ವಿದ್ಯಾರ್ಥಿಗಳು ಎರಡು ಸಾಲಿನಲ್ಲಿ ಸಾಧಿಸಿ ನೋಡಬಹುದು. ಮಡಿಸುವ ಮೊದಲು ಮಸಿ ತೀರಿದ ಬಾಲ್‌ಪೆನ್ನಿನಿಂದ ಅಡಿಕೋಲಿನ ಗುಂಟ ಒತ್ತಿ ಗೆರೆಯೆಳೆಯಬೇಕೆಂಬುದನ್ನು ಮರೆಯಬಾರದು.

ಅಂಟು, ಎಲೆ, ಬಣ್ಣ

ಹೊತ್ತಿಗೆಗಳನ್ನು ಕೆಡಿಸಿದ ಅಪರಾಧಿಗಳಲ್ಲಿ ಮೊದಲನೆಯದು ಅಂಟು. ಹಾಸ್ಯಲೇಖಕನಾದ ಮಾರ್ಕ್ ಟ್ವೇನ್ ಇದರ ರಗಳೆಯಿಂದ ಬೇಸತ್ತು, ಪುಟಗಳ ಮೇಲೆ ಮುಂಚಿತವಾಗಿಯೇ ಅಂಟು ಬಳಿದು ಒಣಗಿಸಿದ, ನೀರು ಸವರಿದರೆ ಸಾಕಾಗುವ ಹೊತ್ತಿಗೆಯೊಂದನ್ನು ಕಲ್ಪಿಸಿ 1873ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಪಾರದರ್ಶಕವಾದ ಅಂಟುಪಟ್ಟಿಯು ಬಂದದ್ದು 1930ರಲ್ಲಿ. ಅದರ ಅಂಟು ಗಾಳಿಯೊಡನೆ ಸೇರಿ ಕೆಲವು ವರ್ಷಗಳಲ್ಲಿ ಕಂದುಬಣ್ಣದ ಕಲೆಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಪಟ್ಟಿ ಉದುರಿಹೋದರೂ ಕಲೆ ಹೋಗದು. ಹಳೆಯ ಪತ್ರಕ್ಕೆ ಈ ಪಟ್ಟಿಯನ್ನು ಅಂಟಿಸುವುದು ಉಪಕಾರದ ಹೆಸರಿನಲ್ಲಿ ಮಾಡುವ ಅಪಕಾರ.

ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳು ಇಂದಿಗೂ ನೆಚ್ಚಿಕೊಂಡಿರುವ ಅಂಟು ನಮ್ಮ ಅಡಿಗೆಮನೆಯದು. ಹಲ್ವ ಮಾಡಲು ಗೋಧಿಯನ್ನು ನೆನೆಯಿಸಿ, ಅರೆದು, ಸೋಸಿ ತೆಗೆಯುವ ಗೋಧಿಹಾಲನ್ನು ಎಲ್ಲರೂ ಕಂಡಿದ್ದೀರಿ. ಅದನ್ನು ತಿಳಿಯಾಗಲು ಬಿಟ್ಟು ಮೇಲಿನ ನೀರು ಚೆಲ್ಲಿದರೆ ತಳದಲ್ಲಿ ನಿಲ್ಲುವುದೇ ಪಿಷ್ಟ. ಒಂದು ಪಾಲು ಪಿಷ್ಟಕ್ಕೆ ಐದಾರು ಪಾಲು ನೀರು ಸೇರಿಸಿ ಸಣ್ಣ ಉರಿಯಲ್ಲಿ ಕದಡುತ್ತಿದ್ದರೆ ಸುಮಾರು 60 ಡಿಗ್ರಿಯ ಬಳಿ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆಯುತ್ತವೆ, ಹಾಲಿನಂಥ ದ್ರವವು ಅರೆಪಾರದರ್ಶಕವಾದ ಸರಿಯಾಗುತ್ತದೆ. ಮೈದಾ ಹಿಟ್ಟಿನಿಂದಲೂ ಸರಿ ಮಾಡಬಹುದು. ಆದರೆ ಅದರ ಜಿಗುಟಾದ ಪ್ರೋಟೀನು ಒಣಗಿದ ಮೇಲೆ ಬಿರುಸಾಗುತ್ತದೆ, ಹುಳುಗಳನ್ನು ಕರೆಯುತ್ತದೆ. ಪಿಷ್ಟದ ಸರಿಯ ದೊಡ್ಡ ಗುಣವೆಂದರೆ, ಎಷ್ಟು ವರ್ಷದ ಮೇಲೆ ಬೇಕಾದರೂ ತೇವ ಮಾಡಿ ಬಿಡಿಸಬಹುದು. ಎರಡು ಮೂರು ದಿನಗಳಲ್ಲಿ ಅದು ಹುಳಿಯುವುದರಿಂದ ಆಗಾಗ ಹೊಸದಾಗಿ ಮಾಡಿಕೊಳ್ಳಬೇಕು. ಹಿಂದೆ ಪುಸ್ತಕ ಕಟ್ಟುವವರು ಹುಳು ಬೀಳದಂತೆ ಸರಿಗೆ ಮೈಲುತುತ್ತ ಹಾಕುತ್ತಿದ್ದುದುಂಟು. ಅದು ವಿಷ, ಅಲ್ಲದೆ ತಾಮ್ರದ ಅಂಶವು ಕಾಗದ ಕೆಡುವುದನ್ನು ಚುರುಕುಗೊಳಿಸುತ್ತದೆ. ಆದಕಾರಣ ಬೇಡ.

ಇನ್ನೊಂದು ದೇಶೀಯ ಅಂಟು ಹುಣಸೆಯ ಬೀಜದ್ದು. ಅದರ ನೆನಪು ಬಂದಾಗ ಕಡತದ ಮಾತನ್ನು ಹೇಳದೆ ಇರಲಾರೆವು. ಈಗ ಕಚೇರಿಯ ಫೈಲಿಗೆ ಬಳಸುವ ಈ ಪದ ಮೊದಲು ಒಂದು ಬಗೆಯ ಪುಸ್ತಕದ ಹೆಸರು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪು ಹಲಗೆಯಂತೆ ಮಾಡಿ, ಹಿಂದುಮುಂದಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಲೆಕ್ಕಪತ್ರಗಳಿಗೆ ಕರ್ನಾಟಕದಲ್ಲಿ ಇದು ಬಹುಕಾಲ ಬಳಕೆಯಲ್ಲಿತ್ತು. ಬೇಡವಾದರೆ ಒರಸಿ ಮತ್ತೆ ಬಳಿಯಬಹುದು. ಎಳೆದರೆ ಗೋಡೆಯುದ್ದಕ್ಕೂ ಚಾಚುವ, ಬಿಟ್ಟರೆ ಅಂಗೈಯಗಲಕ್ಕೆ ಮಡಿಯುವ ಈ ರಚನೆ ಹೊತ್ತಿಗೆಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಬೆನ್ನಿಗೆ ಹೊಲಿದ ಪುಸ್ತಕದಲ್ಲಿ ವಸ್ತುಗಳನ್ನು ಅಂಟಿಸುತ್ತ ಹೋದಂತೆ ಹೊಟ್ಟೆ ಉಬ್ಬಿ ಬೆನ್ನು ಹರಿಯುತ್ತದೆ. ಕಡತಕ್ಕೆ ಆ ಭಯವಿಲ್ಲ. ದಪ್ಪ ಬಿಳಿ ಹಾಳೆಯ ಪಟ್ಟಿಗಳನ್ನು ಬಟ್ಟೆಯ ಕೀಲುಗಳಿಂದ ಸೇರಿಸಿ ಇದನ್ನು ಮಾಡಬಹುದು.

ಬನ್ನಿಯ ಎಲೆಯ ಕಾರ್ಡಿಗೆ ಬರೋಣ. ಹಬ್ಬದ ದಿನ ಸಿಕ್ಕಿದ ಎಲೆಗಳನ್ನು ಹಳೆಯ ವೃತ್ತಪತ್ರಿಕೆಗಳ ನಡುವೆ ಬಿಡಿಸಿಟ್ಟು ಮೇಲೊಂದು ಭಾರವಾದ ಫರಸಿಯನ್ನು ಹೇರಿ, ಮೊದಲ ಮೂರು ನಾಲ್ಕು ದಿನ ದಿನಕ್ಕೊಮ್ಮೆ ಪತ್ರಿಕೆಯನ್ನು ಬದಲಾಯಿಸಿದರೆ ವಾರದೊಳಗೆ ಒಣಗುತ್ತವೆ. ಹಸಿರು ಮಾತ್ರ ಹಾಗೆಯೇ ಉಳಿಯದು. ಪತ್ರಹರಿತ್ತಿನ ಅಣುವಿನ ನಡುವಿನಲ್ಲಿರುವ ಮೆಗ್ನೀಸಿಯಂ ಪರಮಾಣು ಎಲೆಯದೇ ಆಮ್ಲದಿಂದ ಕಳಚಿಹೋಗಿ ಬಣ್ಣ ಕಂದುಹಸಿರಿಗೆ ತಿರುಗುತ್ತದೆ. ಬೇಗನೆ ಒಣಗಿಸಿದಷ್ಟೂ ಹಸಿರು ಹೆಚ್ಚು. ಸೂರ್ಯಕಾಂತಿಯ ಎಸಳಿನ ಹಳದಿ ತಕ್ಕಮಟ್ಟಿಗೆ ನಿಲ್ಲುತ್ತದೆ. ಕೆಂಪು ದಾಸವಾಳ ಕಪ್ಪಾಗಿ ನಿರಾಶೆಗೊಳಿಸುತ್ತದೆ. ಒಣಗಿದ ಎಲೆಯ ತೊಟ್ಟಿನ ಕಡೆಗೆ, ನಡುವಿಗೆ ಎರಡು ಮೂರು ಹನಿ ಸರಿಯಿಟ್ಟು ಕೂರಿಸಿದರೆ ಸಾಕು.

ವಿನೋದಕ್ಕೊಂದು ಕಾರ್ಡು. ಬಿಳಿಯ ಕಾಗದದ ಮೇಲೆ ಬಟ್ಟೆಸೋಡದ ದ್ರಾವಣದಿಂದ ಹಾರೈಕೆಯನ್ನು ಬರೆದು ಒಣಗಿಸಿರಿ, ಏನೂ ಕಾಣದು. ಪಡೆದವರು ಅದರ ಮೇಲೆ ಅರಿಸಿನದ ನೀರನ್ನು ಮೆಲ್ಲನೆ ಸವರಿದರೆ ಹಳದಿಯ ನಡುವೆ ಕೆಂಪು ಅಕ್ಷರಗಳು ಮೂಡುತ್ತವೆ. ಅರಿಸಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ತತ್ತ್ವದಿಂದ. ಆದರೆ ಈ ಬಣ್ಣ ಬೆಳಕಿಗೆ ಬಹುಬೇಗ ಮಾಸುವುದರಿಂದ ಅದನ್ನು ಹೊತ್ತಿಗೆಯಲ್ಲಿ ಸೇರಿಸಿ ಪ್ರಯೋಜನವಿಲ್ಲ. ಉಳಿಯಬೇಕಾದ ಬರೆವಣಿಗೆಗೆ ದೀಪದ ಕಾಡಿಗೆಯಿಂದ ಮಾಡುವ ಇಂಗಾಲದ ಮಸಿಗೆ ಸಾಟಿಯಿಲ್ಲ. ಇಂಗಾಲವನ್ನು ಬೆಳಕು ಏನೂ ಮಾಡಲಾರದು. ಅದಿಲ್ಲದಿದ್ದರೆ ಪೆನ್ಸಿಲು.

ಪುಟದ ಜೋಡಣೆಯ ವಿಷಯದಲ್ಲಿ ನಾವು ಹೆಚ್ಚು ಹೇಳುವವರಲ್ಲ. ಪುಟಕ್ಕೊಂದೇ ಮುಖ್ಯ ಚಿತ್ರವಿರಲಿ, ಅಂಚಿನಲ್ಲಿ ಬೆರಳು ಹಿಡಿಯುವಷ್ಟು ಖಾಲಿ ಜಾಗವಿರಲಿ, ಚಿತ್ರಗಳನ್ನು ಅಂಟಿಸದೆ ಕಾಗದದ ಮೂಲೆಗಳಲ್ಲಿ ಸಿಕ್ಕಿಸಿರಿ. ಪ್ಲಾಸ್ಟಿಕ್ ಮಿನುಗುಪುಡಿಯ ಮೇಲೆ ನಮಗೆ ಒಲವಿಲ್ಲ; ಅದು ಅಕ್ಕಪಕ್ಕದ ಚಿತ್ರಗಳ ಮೈಯನ್ನು ಕೆರೆಯುತ್ತದೆ. ಬಸ್ಸಿನ ಯಂತ್ರದಿಂದ ಬರುವ ಟಿಕೆಟನ್ನು ಅನೇಕರು ಪ್ರವಾಸದ ನೆನಪಿಗೆ ಅಂಟಿಸುತ್ತಾರೆ. ಅದು ಶಾಖಕ್ಕೆ ಕಪ್ಪಾಗುವ ರಾಸಾಯನಿಕ ಬಳಿದ ಕಾಗದ, ಮಸಿಯೇ ಅದರಲ್ಲಿಲ್ಲ. ಕೆಲವೇ ವರ್ಷಗಳಲ್ಲಿ ಅಕ್ಷರಗಳು ಮಾಯವಾಗಿ ಖಾಲಿ ಚೀಟಿ ಉಳಿಯುತ್ತದೆ. ಆದುದರಿಂದ ಊರು, ದಿನಾಂಕ, ದರಗಳನ್ನು ಪಕ್ಕದಲ್ಲಿ ಬರೆದಿಡಬೇಕು. ಸಸ್ಯವಿಜ್ಞಾನಿಗಳ ಒಣಸಸ್ಯ ಸಂಗ್ರಹವೂ ಒಂದು ಬಗೆಯ ಹೊತ್ತಿಗೆಯೇ ತಾನೆ? ಫಾದರ್ ಸೆಸಿಲ್ ಸಲ್ಡಾನ ಅವರ ನೇತೃತ್ವದಲ್ಲಿ 1976ರಲ್ಲಿ ಹೊರಬಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥದ ಬುನಾದಿ ಅಂಥ ಹಾಳೆಗಳೇ. ಅಲ್ಲಿ ಪ್ರತಿ ಎಲೆಯ ಬಳಿಯೂ ಎಲ್ಲಿ, ಯಾವಾಗ, ಯಾರಿಂದ ಎಂಬ ಮೂರು ವಿವರಗಳಿರುತ್ತವೆ. ಅವಿಲ್ಲದ ಹಾಳೆಯನ್ನು ಯಾವ ವಿಜ್ಞಾನಿಯೂ ಮುಟ್ಟುವುದಿಲ್ಲ.

ನೀರು ಬಂದಾಗ

1966ರ ನವೆಂಬರ್ 4ರಂದು ಇಟಲಿಯ ಆರ್ನೊ ನದಿ ಉಕ್ಕಿ ಫ್ಲಾರೆನ್ಸ್ ನಗರದ ರಾಷ್ಟ್ರೀಯ ಗ್ರಂಥಾಲಯಕ್ಕೆ ನುಗ್ಗಿತು. ಲಕ್ಷಾಂತರ ಪುಸ್ತಕ ಪತ್ರಿಕೆಗಳು ಎಣ್ಣೆ ಬೆರೆತ ಕೆಸರಿನಲ್ಲಿ ಮುಳುಗಿದವು. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಧಾವಿಸಿ ಬಂದು, ಸಾಲುಗಟ್ಟಿ ನಿಂತು, ಕೈಯಿಂದ ಕೈಗೆ ಅವುಗಳನ್ನು ಮೇಲಕ್ಕೆ ಸಾಗಿಸಿದರು. ತಂಬಾಕು ಒಣಗಿಸುವ ಗೂಡುಗಳಲ್ಲಿಯೂ ಪುಸ್ತಕಗಳನ್ನು ಒಣಗಿಸಲಾಯಿತು. ಚಿಂದಿಕಾಗದದ ಹಳೆಯ ಗ್ರಂಥಗಳು ತೊಳೆದ ಮೇಲೆ ಮತ್ತೆ ಎದ್ದು ನಿಂತವು. ಹೊಳಪು ಲೇಪದ ಆಧುನಿಕ ಪುಸ್ತಕಗಳ ಹಾಳೆಗಳು ಒಂದಕ್ಕೊಂದು ಮೆತ್ತಿ ಇಟ್ಟಿಗೆಯಾದವು. ಇಂದಿನ ಕಾಗದರಕ್ಷಣೆಯ ವಿಜ್ಞಾನ ಬಹುಮಟ್ಟಿಗೆ ಆ ಕೆಸರಿನಲ್ಲಿ ಹುಟ್ಟಿತು.

ಅಲ್ಲಿ ಕಲಿತದ್ದು ಭೀಮೆಯ ದಡಕ್ಕೂ ಸಲ್ಲುತ್ತದೆ. ನೆನೆದ ಕಾಗದಕ್ಕೆ ಬೂಷ್ಟು ಹಿಡಿಯಲು ಎರಡು ದಿನ ಸಾಕು. ಆದಕಾರಣ ಮೊದಲ 48 ಗಂಟೆಗಳೇ ಮುಖ್ಯ. ಪ್ರವಾಹದ ನೀರು ಕೊಳಕಾದುದರಿಂದ ಕೈಗೆ ರಬ್ಬರಿನ ಚೀಲ, ಮೂಗಿಗೆ ಬಟ್ಟೆ ಇರಬೇಕು. ಒದ್ದೆಯ ಹೊತ್ತಿಗೆಯನ್ನು ಬಲವಂತದಿಂದ ತೆರೆಯಬಾರದು. ಮುಚ್ಚಿದಂತೆಯೇ ಹಿಡಿದು ಶುದ್ಧವಾದ ನೀರಿನಲ್ಲಿ ಕೆಸರು ಕಳೆದು, ಓರೆಯಾಗಿ ನಿಲ್ಲಿಸಿ ನೀರು ಬಸಿಯಲು ಬಿಡಬೇಕು. ಮಸಿ ಹರಡುತ್ತಿದ್ದರೆ ತೊಳೆಯುವುದೂ ಬೇಡ. ಬಳಿಕ ಹತ್ತಿಪ್ಪತ್ತು ಹಾಳೆಗೊಂದರಂತೆ ಹಳೆಯ ಹತ್ತಿಬಟ್ಟೆಯನ್ನೋ ಮುದ್ರಣವಿಲ್ಲದ ಹೀರುಕಾಗದವನ್ನೋ ಸೇರಿಸಿ, ನೆನೆದಂತೆ ಬದಲಾಯಿಸುತ್ತ, ನೆರಳಿನಲ್ಲಿ ಗಾಳಿಯಾಡುವೆಡೆಯಲ್ಲಿ ಇಡಬೇಕು. ಬಿಸಿಲಿಗೆ ಹಾಕುವುದು, ಇಸ್ತ್ರಿ ಮಾಡುವುದು ಎರಡೂ ತಪ್ಪು. ಹೊಳಪು ಕಾಗದವಿದ್ದರೆ ಪ್ರತಿ ಹಾಳೆಯ ನಡುವೆಯೂ, ಅದು ಇನ್ನೂ ಒದ್ದೆಯಾಗಿರುವಾಗಲೇ, ಬಟ್ಟೆ ಸೇರಬೇಕು. ಒಣಗಿದ ಮೇಲೆ ಅದನ್ನು ಬಿಡಿಸುವ ಉಪಾಯವಿಲ್ಲ.

ಸ್ಟುಡಿಯೋದಲ್ಲಿ ತೊಳೆದು ಮಾಡಿದ ಛಾಯಾಚಿತ್ರಗಳ ಮೇಲ್ಪದರ ಜೆಲಟಿನ್. ನೆನೆದಾಗ ಅದು ಉಬ್ಬಿ ಜಿಗುಟಾಗುತ್ತದೆ, ಒಣಗಿದಾಗ ಎದುರಿನ ಚಿತ್ರಕ್ಕೆ ಅಂಟಿಕೊಂಡೇ ಒಣಗುತ್ತದೆ. ಒಟ್ಟಾಗಿ ಮೆತ್ತಿದ ಚಿತ್ರಗಳನ್ನು ಎಳೆಯದೆ ತಣ್ಣನೆಯ ಶುದ್ಧ ನೀರಿನ ತಟ್ಟೆಯಲ್ಲಿ ಮುಳುಗಿಸಿಟ್ಟರೆ ಮೆಲ್ಲಮೆಲ್ಲನೆ ಬಿಟ್ಟುಕೊಳ್ಳುತ್ತವೆ. ಮುಖದ ಭಾಗಕ್ಕೆ ಬೆರಳು ಸೋಕಿಸದೆ, ಮೂಲೆಗೆ ಕ್ಲಿಪ್ಪು ಹಾಕಿ ದಾರಕ್ಕೆ ತೂಗುಬಿಡಬೇಕು. ಬಣ್ಣದ ಮಸಿ ಚಿಮ್ಮಿಸಿ ಮನೆಯ ಪ್ರಿಂಟರಿನಲ್ಲಿ ತೆಗೆದ ಚಿತ್ರಗಳಿಗೆ ಈ ಸ್ನಾನ ಹಿಡಿಸದು. ಅವನ್ನು ಮುಖ ಮೇಲಾಗಿ ಬಟ್ಟೆಯ ಮೇಲೆ ಹಾಸಿ ಒಣಗಿಸುವುದಷ್ಟೇ ಸಾಧ್ಯ. ಕೆಲಸ ಬಹಳವಾಗಿ ಎರಡು ದಿನದಲ್ಲಿ ಮುಗಿಯುವಂತಿಲ್ಲದಿದ್ದರೆ ಉಳಿದ ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಶೀತಕದ ಹಿಮಪೆಟ್ಟಿಗೆಯಲ್ಲಿಡಬಹುದು. ಹೆಪ್ಪುಗಟ್ಟಿದ ಕಾಗದದಲ್ಲಿ ಬೂಷ್ಟು ಬೆಳೆಯದು, ಮಸಿ ಹರಡದು. ಊರಿನಲ್ಲಿ ಐಸ್‌ಕ್ಯಾಂಡಿ ಮಾಡುವವರ ಪೆಟ್ಟಿಗೆಯಾದರೂ ಆದೀತು, ಅವರು ಒಪ್ಪಿದರೆ. ಮುಂದೆ ಬಿಡುವಾದಾಗ ಒಂದೊಂದೇ ಕಟ್ಟನ್ನು ಹೊರತೆಗೆದು, ಕರಗಿದಂತೆಲ್ಲ ಮೇಲೆ ಹೇಳಿದ ರೀತಿಯಲ್ಲಿ ಒಣಗಿಸಿ, ಎರಡು ಫರಸಿಗಳ ನಡುವೆ ವಾರವಿಟ್ಟು ಸಮಮಾಡಿಕೊಳ್ಳಬೇಕು.